ಸ್ಟೇಪ್ಲರ್ ಫೈರ್ ಆಯಿತು, ಆದರೆ ಹೊರಗೆ ಬರಲಿಲ್ಲ: ರೆಕ್ಟಮ್ ಸರ್ಜರಿಯಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹೊಸ ಕನ್ಸಲ್ಟೆಂಟ್:

ಎಲ್ಲರಿಗೂ ನಮಸ್ಕಾರ. ಹತ್ತು ದಿನದ ಹಿಂದಿನ ಒಂದು ಕೇಸ್ ತಲೆಯಿಂದ ಇಳಿಯುತ್ತಿಲ್ಲ. ಇಲ್ಲಿ ನನಗಿಂತ ಜಾಸ್ತಿ ರೆಕ್ಟಮ್ (ಗುದದ್ವಾರಕ್ಕೆ ಮೊದಲಿನ, ದೊಡ್ಡ ಕರುಳಿನ ಕೊನೆಯ ಭಾಗ) ಸರ್ಜರಿ ಮಾಡಿದವರು ಇದ್ದೀರಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಎಲ್ಲಿ ತಪ್ಪಿದೆ ಎಂದು ನೇರವಾಗಿ ಹೇಳಿ.

ರೋಗಿ ಮಧ್ಯವಯಸ್ಸಿನ ಗಂಡಸು. ರೆಕ್ಟಮ್ ಕ್ಯಾನ್ಸರ್, ಗುದದ್ವಾರದ ಅಂಚಿನಿಂದ 7 ಸೆಂ.ಮೀ. ಮೇಲೆ. ರೇಡಿಯೇಷನ್, ಕೀಮೋ ಮುಗಿದು 9 ವಾರ ಆಗಿತ್ತು. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ) ಲೋ ಆಂಟೀರಿಯರ್ ರಿಸೆಕ್ಷನ್ ಮಾಡುತ್ತಿದ್ದೆವು, ಅಂದರೆ ಗೆಡ್ಡೆ ಇರುವ ರೆಕ್ಟಮ್ ತೆಗೆದು, ಮೇಲಿನ ಕರುಳನ್ನು ಕೆಳಗೆ ಉಳಿದ ತುಂಡಿಗೆ (ಸ್ಟಂಪ್) ಜೋಡಿಸುವುದು. ಪೆಲ್ವಿಸ್ (ಸೊಂಟದ ಮೂಳೆಗಳ ನಡುವಿನ ಜಾಗ) ತುಂಬಾ ಕಿರಿದು. ಗೆಡ್ಡೆಯ ಕೆಳಗೆ ರೆಕ್ಟಮ್ ಕತ್ತರಿಸಲು ಲೀನಿಯರ್ ಸ್ಟೇಪ್ಲರ್ (ನೇರ ಸಾಲಿನಲ್ಲಿ ಪಿನ್ ಹಾಕಿ ಕತ್ತರಿಸುವ ಸಾಧನ) ಮೂರು ಸಲ ಹಾಕಬೇಕಾಯಿತು. ಮೇಲಿನ ಕರುಳಿಗೆ 29 ಮಿ.ಮೀ. ಆ್ಯನ್ವಿಲ್ (ಸರ್ಕ್ಯುಲರ್ ಸ್ಟೇಪ್ಲರಿನ ಬೇರ್ಪಡುವ ತಲೆ) ಕೂರಿಸಿದೆವು. ಕೆಳಗಿನಿಂದ ಸರ್ಕ್ಯುಲರ್ ಸ್ಟೇಪ್ಲರ್ (ವೃತ್ತಾಕಾರದಲ್ಲಿ ಪಿನ್ ಹಾಕಿ, ಒಳಗಿನ ಗೋಡೆ ಕತ್ತರಿಸಿ ಎರಡು ಕರುಳನ್ನು ಜೋಡಿಸುವ ಗನ್) ತಂದು ಎರಡನ್ನೂ ಜೋಡಿಸಿದೆವು. ಕ್ಲಿಕ್ ಕೇಳಿಸಿತು. ಮುಚ್ಚುತ್ತಾ ಹೋದಾಗ ಸೂಚಕದ ಗೆರೆ ಹಸಿರು ಭಾಗದ (ಫೈರ್ ಮಾಡಲು ಸರಿಯಾದ ಅಂತರ) ಅಂಚಿಗೆ ಮಾತ್ರ ಬಂತು. ಅಷ್ಟು ಸಾಕು ಅಂದುಕೊಂಡು ಫೈರ್ ಮಾಡಿದೆ.

ವಾಷರ್ (ಆ್ಯನ್ವಿಲ್ ಒಳಗೆ ಬ್ಲೇಡ್ ಬಂದು ತಾಗುವ ಬಿಲ್ಲೆ) ತುಂಡಾಗುವಾಗ ಕೈಗೆ 'ಕರ್ರ್' ಅಂತ ಗೊತ್ತಾಗುತ್ತದೆ ಅಲ್ವಾ. ಅದು ಈ ಸಲ ಬರಲಿಲ್ಲ. ಹಿಡಿಕೆ ಹಗುರವಾಗಿ ಹೋಯಿತು. ಗುಂಡಿ ತಿರುಗಿಸಿ ತೆರೆದೆ, ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಪರದೆಯಲ್ಲಿ ನೋಡಿದರೆ ಸ್ಟೇಪ್ಲರ್ ಜೊತೆಗೆ ಇಡೀ ಕರುಳು ಕೆಳಗೆ ಇಳಿಯುತ್ತಿತ್ತು. ತಕ್ಷಣ ಕೈ ಬಿಟ್ಟೆ. ಹಿರಿಯರನ್ನು ಕರೆದೆ.

ಅವರು ಬಂದು ಮತ್ತೆ ಮುಚ್ಚಿ ಇನ್ನೊಮ್ಮೆ ಪೂರ್ತಿ ಒತ್ತಿದರು. ಆಗಲೂ ಬಿಡಲಿಲ್ಲ. ಕೊನೆಗೆ ಕೆಳಹೊಟ್ಟೆಯಲ್ಲಿ ಅಡ್ಡ ಗಾಯ ಮಾಡಿ, ಜೋಡಣೆಯ ಸ್ವಲ್ಪ ಮೇಲೆ ಕರುಳಿನ ಮುಂಭಾಗ ತೆರೆದೆವು. ಬ್ಲೇಡ್ ಸುತ್ತಿನ ಅರ್ಧ ಮಾತ್ರ ಕತ್ತರಿಸಿತ್ತು. ಉಳಿದ ಅರ್ಧದಲ್ಲಿ ಕರುಳಿನ ಗೋಡೆ ಆ್ಯನ್ವಿಲ್‌ಗೂ ಗನ್‌ಗೂ ನಡುವೆ ಹಾಗೇ ಉಳಿದಿತ್ತು. ಅದನ್ನು ಕತ್ತರಿಯಿಂದ ಬಿಡಿಸಿ ಸ್ಟೇಪ್ಲರ್ ಹೊರಗೆ ತೆಗೆದೆವು. ಮೇಲಿನ ಕರುಳಿನ ಹಾಳಾದ ತುದಿ ತೆಗೆದು, ಚೀಲದ ಬಾಯಿಯ ಹಾಗೆ ಅಂಚನ್ನು ಬಿಗಿಯುವ ಹೊಸ ಪರ್ಸ್‌ಸ್ಟ್ರಿಂಗ್ ಹಾಕಿದೆವು. ಕೆಳಗಿನ ಸ್ಟಂಪಿಗೆ ಗುದದ್ವಾರದ ಕಡೆಯಿಂದ ಕೈಯಲ್ಲೇ ಪರ್ಸ್‌ಸ್ಟ್ರಿಂಗ್ ಹಾಕಿ, ಹೊಸ ಸ್ಟೇಪ್ಲರ್‌ನಿಂದ ಜೋಡಿಸಿದೆವು. ಗಾಳಿ ಪರೀಕ್ಷೆಯಲ್ಲಿ (ಜೋಡಣೆಯನ್ನು ನೀರಿನಲ್ಲಿ ಮುಳುಗಿಸಿ ಕರುಳಿಗೆ ಗಾಳಿ ತುಂಬುವುದು) ಗುಳ್ಳೆ ಬರಲಿಲ್ಲ. ಲೂಪ್ ಇಲಿಯಾಸ್ಟಮಿ (ಜೋಡಣೆ ಮಾಯುವ ತನಕ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಚೀಲ ಇಡುವುದು) ಮಾಡಿದೆವು. ರೋಗಿ ಮನೆಗೆ ಹೋಗಿದ್ದಾರೆ, ಜ್ವರ ಇಲ್ಲ.

ನನಗೆ ಎರಡು ಪ್ರಶ್ನೆ. ಫೈರ್ ಮಾಡುವ ಮೊದಲೇ ಇದನ್ನು ಗುರುತಿಸಬಹುದಿತ್ತಾ? ಸಿಕ್ಕಿಹಾಕಿಕೊಂಡ ಸ್ಟೇಪ್ಲರ್ ಬಿಡಿಸಲು ನೀವು ಯಾವ ಕ್ರಮ ಅನುಸರಿಸುತ್ತೀರಿ?

ಕರುಳು ಸರ್ಜನ್:

ಮೊದಲು ಒಂದು ಮಾತು. ಕರುಳು ಕೆಳಗೆ ಇಳಿಯುವುದು ಕಂಡ ಕೂಡಲೇ ನೀವು ಕೈ ಬಿಟ್ಟಿರಿ, ಸಹಾಯ ಕರೆದಿರಿ. ಆ ದಿನದ ಅತಿ ಮುಖ್ಯ ಕೆಲಸ ಅದೇ. ಎಳೆದು ತೆಗೆದಿದ್ದರೆ ಸ್ಟಂಪ್ ಸ್ಫಿಂಕ್ಟರ್ (ಮಲ ತಡೆಯುವ ಸ್ನಾಯು) ತನಕ ಹರಿದುಹೋಗಬಹುದಿತ್ತು. ಆಮೇಲೆ ಜೋಡಿಸಲು ಏನೂ ಉಳಿಯುತ್ತಿರಲಿಲ್ಲ.

ನನ್ನ ಕ್ರಮ ಹೇಳುತ್ತೇನೆ. ಸ್ಟೇಪ್ಲರ್ ಬಿಡದಿದ್ದರೆ ಮೊದಲು ಎಲ್ಲರೂ ಅರ್ಧ ನಿಮಿಷ ಸುಮ್ನೆ ನಿಲ್ಲುತ್ತೇವೆ. ನಂತರ ಮತ್ತೆ ಹಸಿರು ಭಾಗಕ್ಕೆ ಮುಚ್ಚುತ್ತೇನೆ. ಸೇಫ್ಟಿ ಪೂರ್ತಿ ತೆಗೆದಿದೆಯಾ ನೋಡುತ್ತೇನೆ. ಹಿಡಿಕೆಯನ್ನು ಇನ್ನು ಹೋಗುವುದೇ ಇಲ್ಲ ಅನ್ನುವ ತನಕ ಒತ್ತುತ್ತೇನೆ. ಪಿನ್ನುಗಳು ಮಡಚಿಕೊಂಡು, ಬ್ಲೇಡ್ ಮಾತ್ರ ವಾಷರ್ ತನಕ ಮುಟ್ಟದೆ ನಿಂತಿರುವುದು ಉಂಟು. ಅರ್ಧ ಒತ್ತಿ ಬಿಟ್ಟಾಗ ಹೀಗಾಗುತ್ತದೆ. ಪೂರ್ತಿ ಒತ್ತಿದರೆ ಆಗ 'ಕರ್ರ್' ಬರುತ್ತದೆ, ಕೆಲಸ ಮುಗಿಯುತ್ತದೆ.

ಆಮೇಲೆ ತೆರೆಯುವುದು. ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ಕಂಪನಿಯ ಸ್ಟೇಪ್ಲರ್ ಅರ್ಧದಿಂದ ಮುಕ್ಕಾಲು ಸುತ್ತು ತೆರೆಯಬೇಕು. ಇನ್ನೊಂದನ್ನು ಎರಡು ಪೂರ್ತಿ ಸುತ್ತು ತೆರೆಯಬೇಕು, ಅದರಲ್ಲಿ ಆ್ಯನ್ವಿಲ್ ತಾನೇ ವಾಲುತ್ತದೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಕಡಿಮೆ ತೆರೆದರೆ ಕರುಳಿನ ಗೋಡೆ ಬಿಡುವುದಿಲ್ಲ. ಜಾಸ್ತಿ ತೆರೆದರೆ ಆ್ಯನ್ವಿಲ್ ದೂರ ಸರಿದು, ಹೊರಗೆ ಎಳೆಯುವಾಗ ಹೊಸ ಜೋಡಣೆಯ ಅಂಚಿಗೆ ಕೊಕ್ಕೆಯ ಹಾಗೆ ತಗಲುತ್ತದೆ. ಯಾವ ಸಾಧನ ಕೈಯಲ್ಲಿದೆಯೋ ಅದರ ಸೂಚನೆಯನ್ನು ಸರ್ಜರಿಗೆ ಮೊದಲೇ ಓದಿರಬೇಕು.

ತೆರೆದ ಮೇಲೆ ಎರಡೂ ಕಡೆ 90 ಡಿಗ್ರಿ ತಿರುಗಿಸುತ್ತೇನೆ. ತಲೆಯನ್ನು ಸ್ವಲ್ಪ ಓರೆ ಮಾಡಿ ಆ್ಯನ್ವಿಲ್‌ನ ಒಂದು ಅಂಚನ್ನು ಮೊದಲು ತರುತ್ತೇನೆ. ಅದೇ ಹೊತ್ತಿಗೆ ಮೇಲಿನಿಂದ ಸಹಾಯಕರು ಕರುಳನ್ನು ಮೆತ್ತಗೆ ಹಿಡಿದಿರುತ್ತಾರೆ, ಜೋಡಣೆಯ ಮೇಲೆ ಭಾರ ಬೀಳದ ಹಾಗೆ. ಇಷ್ಟಕ್ಕೂ ಬರದಿದ್ದರೆ ನಿಲ್ಲಿಸಿ. ನೀವು ಮಾಡಿದ ಹಾಗೇ ಕರುಳು ತೆರೆದು, ಕಣ್ಣಿಗೆ ಕಾಣುವ ಹಾಗೆ ಬಿಡಿಸಬೇಕು. ಗನ್ ಹೊರಗೆ ಬಂದು ಆ್ಯನ್ವಿಲ್ ಒಳಗೇ ಉಳಿದರೂ ಇದೇ ದಾರಿ.

ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಅರ್ಧ ಕತ್ತರಿಸಿದ, ಅರ್ಧ ಪಿನ್ ಕೂತ ಜೋಡಣೆಯನ್ನು ಹೊಲಿಗೆ ಹಾಕಿ ಉಳಿಸಿಕೊಳ್ಳಲು ಹೋಗಬಾರದು. ಅದನ್ನು ಜೋಡಣೆ ಅಂತಲೇ ಎಣಿಸಬೇಡಿ. ತೆಗೆದುಹಾಕಿ ಹೊಸದಾಗಿ ಮಾಡಿ. ನೀವು ಹಾಗೇ ಮಾಡಿದ್ದೀರಿ.

ಓಟಿ ಸಿಸ್ಟರ್:

ನಾನು ಸ್ಕ್ರಬ್ ನರ್ಸ್, ಓಟಿಯಲ್ಲಿ (ಆಪರೇಷನ್ ಥಿಯೇಟರ್) ಸಾಧನಗಳನ್ನು ಕೈಗೆ ಕೊಡುವವಳು. ಟೇಬಲ್ಲಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಕೆಟ್ಟ ಸ್ಟೇಪ್ಲರನ್ನು ಯಾರೂ ಎಸೆಯಬೇಡಿ. ಡಬ್ಬಿ, ಲಾಟ್ ನಂಬರ್ ಇರುವ ಸ್ಟಿಕ್ಕರ್, ಸ್ಟೇಪ್ಲರ್, ಎರಡು ಡೋನಟ್ (ಬ್ಲೇಡ್ ಕತ್ತರಿಸಿ ತೆಗೆದ ಕರುಳಿನ ಉಂಗುರಗಳು) ಎಲ್ಲವನ್ನೂ ಬೇರೆ ಇಡಿ. ಗಡಿಬಿಡಿಯಲ್ಲಿ ಮೊದಲು ಕಸದ ಬುಟ್ಟಿಗೆ ಹೋಗುವುದೇ ಅವು. ಆಮೇಲೆ ತಪ್ಪು ಸಾಧನದ್ದಾ, ಬಳಸಿದ ರೀತಿಯದ್ದಾ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 2011ರಿಂದ 2018ರ ಮಾರ್ಚ್ ತನಕ ದೇಹದೊಳಗೆ ಬಳಸುವ ಸ್ಟೇಪ್ಲರ್‌ಗಳ ಬಗ್ಗೆ 41,000ಕ್ಕಿಂತ ಹೆಚ್ಚು ವರದಿ ಬಂದಿತ್ತು. ಅದರಲ್ಲಿ 366 ಸಾವಿನ ವರದಿ. ಫೈರ್ ಆದ ಮೇಲೆ ಪಿನ್ ಸರಿಯಾಗಿ ಮಡಚದಿರುವುದು, ಜೋಡಣೆ ಬಿಟ್ಟುಕೊಳ್ಳುವುದು, ತಪ್ಪು ಅಳತೆಯ ಪಿನ್ ಹಾಕಿರುವುದು, ಇಂಥವೇ ಮತ್ತೆ ಮತ್ತೆ ಬಂದಿದ್ದವು. 2021ರಲ್ಲಿ ಅವರು ಈ ಸಾಧನಗಳನ್ನು ಇನ್ನೂ ಬಿಗಿ ನಿಯಮದ ವರ್ಗಕ್ಕೆ ಸೇರಿಸಿದರು. ಓಟಿಯಿಂದ ಯಾರೋ ಕೂತು ವರದಿ ಬರೆದಿದ್ದರಿಂದಲೇ ಅದು ಆಯಿತು.

ಇನ್ನೊಂದು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಎರಡು ಅಳತೆಯ ಸ್ಟೇಪ್ಲರ್ ಒಟ್ಟಿಗೆ ತೆರೆದಿದ್ದರು. ಆ್ಯನ್ವಿಲ್ ಒಂದರದ್ದು, ಗನ್ ಇನ್ನೊಂದರದ್ದು ಹೋಯಿತು. ಎಷ್ಟು ಒತ್ತಿದರೂ ಸರಿಯಾಗಿ ಕೂರಲಿಲ್ಲ. ಕಾರಣ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅಲ್ಲಿಂದ ಈಚೆಗೆ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕೈಗೆ ಕೊಡುವ ಮೊದಲು ಪಿನ್ ಇದೆಯಾ, ವಾಷರ್ ಇದೆಯಾ ಎಂದು ಕಣ್ಣಲ್ಲಿ ನೋಡಿ, ಜೋರಾಗಿ ಅಳತೆ ಹೇಳುತ್ತೇನೆ. ಗೆರೆ ಹಸಿರಿಗೆ ಬಂದಾಗ ನಾನೂ ನೋಡಿ 'ಹಸಿರು' ಅನ್ನುತ್ತೇನೆ. ತೆರೆಯುವಾಗ ಸುತ್ತು ಎಣಿಸುತ್ತೇನೆ. ಎರಡನೇ ಸ್ಟೇಪ್ಲರ್ ಸ್ಟೋರಿನಲ್ಲಿ ಅಲ್ಲ, ಓಟಿಯ ಒಳಗೇ ಇರುತ್ತದೆ.

ಪಿಜಿ ಎರಡನೇ ವರ್ಷ:

ಕ್ಷಮಿಸಿ, ಬೇಸಿಕ್ ಪ್ರಶ್ನೆ. ಲೀನಿಯರ್ ಸ್ಟೇಪ್ಲರ್ ಮೂರು ಸಲ ಹಾಕಬೇಕಾಯಿತು ಎಂದು ಮೇಲೆ ಬರೆದಿದ್ದೀರಿ, ಅದು ತೊಂದರೆಯಾ? ಕೊನೆಗೆ ಸರ್ಕ್ಯುಲರ್ ಸ್ಟೇಪ್ಲರ್ ಅದನ್ನೆಲ್ಲ ಕತ್ತರಿಸಿ ತೆಗೆಯುವುದಿಲ್ಲವಾ?

ಕರುಳು ಸರ್ಜನ್:

ಕ್ಷಮೆ ಬೇಡ, ಕೇಳಬೇಕಾದ ಪ್ರಶ್ನೆಯೇ. ಎಲ್ಲವನ್ನೂ ತೆಗೆಯುವುದಿಲ್ಲ. ರೆಕ್ಟಮ್ಮಿನ ಅಗಲ 29 ಮಿ.ಮೀ.ಗಿಂತ ಜಾಸ್ತಿ. ವೃತ್ತ ನಡುವಿನ ಭಾಗ ಮಾತ್ರ ಕತ್ತರಿಸುತ್ತದೆ. ಎರಡೂ ಪಕ್ಕದಲ್ಲಿ ಲೀನಿಯರ್ ಸಾಲಿನ ತುದಿ ಉಳಿಯುತ್ತದೆ. ಅದನ್ನೇ ನಾಯಿಕಿವಿ ಅನ್ನುತ್ತೇವೆ. ವೃತ್ತದ ಸಾಲು ನೇರ ಸಾಲನ್ನು ದಾಟುವ ಜಾಗಗಳೂ ಇರುತ್ತವೆ. ಈ ಡಬಲ್ ಸ್ಟೇಪ್ಲಿಂಗ್ ವಿಧಾನವನ್ನು 1980ರಲ್ಲಿ ನೈಟ್ ಮತ್ತು ಗ್ರಿಫೆನ್ ವಿವರಿಸಿದರು. ಆಳದ ಪೆಲ್ವಿಸ್‌ನಲ್ಲಿ ಕೈಹೊಲಿಗೆಯ ಕಷ್ಟ ತಪ್ಪಿಸಿತು, ನಿಜ. ಆದರೆ ಈ ದಾಟುವ ಜಾಗಗಳ ದೌರ್ಬಲ್ಯ ಅದರ ಜೊತೆಗೇ ಬಂತು. ಎರಡಕ್ಕಿಂತ ಜಾಸ್ತಿ ಫೈರಿಂಗ್ ಆದರೆ ಲೀಕ್ (ಜೋಡಣೆ ಸೋರುವುದು) ಜಾಸ್ತಿ ಎಂದು ಹಲವು ವರದಿಗಳು ಹೇಳುತ್ತವೆ. ಪ್ರತಿ ಹೊಸ ಫೈರಿಂಗಿಗೂ ಸಾಲು ಒಂದರ ಮೇಲೊಂದು ಬರುತ್ತದೆ, ಅಂಕುಡೊಂಕಾಗುತ್ತದೆ. ಅದರ ಮೇಲೆ ವೃತ್ತ ಬಿದ್ದಾಗ ಬ್ಲೇಡ್ ಹಳೆಯ ಪಿನ್ನುಗಳ ರಾಶಿಯನ್ನು ಕತ್ತರಿಸಬೇಕು. ಈ ಕೇಸಲ್ಲಿ ಬ್ಲೇಡ್ ಅರ್ಧದಲ್ಲೇ ನಿಂತಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಪಿನ್ನಿನ ಲೆಕ್ಕವನ್ನೂ ತಿಳಿದುಕೊಳ್ಳಿ. ಪಿನ್ ಮುಚ್ಚಿದಾಗ ಇಂಗ್ಲಿಷಿನ ಬಿ ಅಕ್ಷರದ ಆಕಾರಕ್ಕೆ ಬರಬೇಕು. ಆ ಆಕಾರದ ನಡುವಿನ ಸಂದುಗಳಲ್ಲಿ ರಕ್ತ ಹರಿಯುತ್ತದೆ. ಗೋಡೆ ದಪ್ಪ, ಪಿನ್ ಗಿಡ್ಡ ಆದರೆ ಪಿನ್ನಿನ ಕಾಲು ಪೂರ್ತಿ ಮಡಚುವುದಿಲ್ಲ. ಗೋಡೆ ತೆಳು, ಪಿನ್ ಉದ್ದ ಆದರೆ ಸಡಿಲವಾಗಿ ರಕ್ತ ಸೋರುತ್ತದೆ. ಸಾಮಾನ್ಯವಾಗಿ ನೀಲಿ ಕಾರ್ಟ್ರಿಜ್ (ಪಿನ್ ತುಂಬಿದ ಭಾಗ) 1.5 ಮಿ.ಮೀ.ಗೆ, ಹಸಿರು 2 ಮಿ.ಮೀ.ಗೆ ಮುಚ್ಚುತ್ತದೆ. ಆದರೆ ಬಣ್ಣದ ಲೆಕ್ಕ ಎಲ್ಲ ಕಂಪನಿಗೂ ಒಂದೇ ಅಲ್ಲ.

ಪೆಲ್ವಿಸ್ ಸರ್ಜನ್:

ನಾನು ಹೆಚ್ಚಾಗಿ ರೇಡಿಯೇಷನ್ ಆದ ಕೇಸುಗಳನ್ನೇ ಮಾಡುತ್ತೇನೆ. ಅಲ್ಲಿ ರೆಕ್ಟಮ್ ಗೋಡೆ ದಪ್ಪ, ನೀರು ತುಂಬಿದ ಹಾಗೆ ಊದಿರುತ್ತದೆ, ಕೆಲವೊಮ್ಮೆ ಮರದ ಹಾಗೆ ಗಟ್ಟಿ. ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಫೈರ್ ಮಾಡುವ ಮೊದಲೇ ಸೂಚನೆ ಇತ್ತು. ಗೆರೆ ಹಸಿರಿನ ಅಂಚಿಗೆ ಮಾತ್ರ ಬಂದದ್ದೇ ಆ ಸೂಚನೆ.

ಅಲ್ಲಿಗೆ ಬಂದಾಗ ನಾನು ಕಾಯುತ್ತೇನೆ. ಮುಚ್ಚಿ, ಗಡಿಯಾರ ನೋಡಿ ಒಂದು ನಿಮಿಷ. ಗೋಡೆಯೊಳಗಿನ ನೀರು ಹಿಂಡಿ ಹೋಗುತ್ತದೆ. ಮತ್ತೆ ಗುಂಡಿ ಸ್ವಲ್ಪ ತಿರುಗಿಸಿದರೆ ಗೆರೆ ಇನ್ನೂ ಒಳಗೆ ಬರುತ್ತದೆ. ಹಾಗೂ ಬರದಿದ್ದರೆ ನಡುವೆ ಏನೋ ಜಾಸ್ತಿ ಇದೆ ಎಂದು ಅರ್ಥ. ಪರ್ಸ್‌ಸ್ಟ್ರಿಂಗಿನ ಸುತ್ತ ಕೊಬ್ಬು, ಕರುಳಿನ ಪದರ ಮಡಚಿಕೊಂಡದ್ದು, ಪಕ್ಕದ ಅಂಗ ಯಾವುದಾದರೂ. ತೆರೆದು ನೋಡಬೇಕು. ಹೆಂಗಸರಲ್ಲಿ ಯೋನಿಯ ಹಿಂಗೋಡೆ ಸಿಕ್ಕಿಕೊಳ್ಳುತ್ತದೆ. ಫೈರ್ ಮಾಡುವ ಮೊದಲು ಬೆರಳು ಹಾಕಿ, ಗೋಡೆ ಸಲೀಸಾಗಿ ಸರಿಯುತ್ತದೆಯಾ ನೋಡದೆ ನಾನು ಮುಂದೆ ಹೋಗುವುದಿಲ್ಲ. ಆ ಹತ್ತು ಸೆಕೆಂಡ್ ಉಳಿಸಲು ಹೋಗಿ ರೆಕ್ಟಮ್ಮಿಗೂ ಯೋನಿಗೂ ನಡುವೆ ಫಿಸ್ಟುಲಾ (ಮಲ ಹಾದುಬರುವ ರಂಧ್ರ) ಆದರೆ ಆ ಹೆಂಗಸಿನ ಬದುಕೇ ಹಾಳಾಗುತ್ತದೆ.

ಲೀನಿಯರ್ ಸ್ಟೇಪ್ಲರ್ ಬಗ್ಗೆ. ಕಿರಿದಾದ ಗಂಡು ಪೆಲ್ವಿಸ್‌ನಲ್ಲಿ ಅದು ಅಡ್ಡವಾಗಿ ಕೂರುವುದೇ ಇಲ್ಲ. ಬಲಗಡೆಯ ಪೋರ್ಟಿನಿಂದ (ಸಾಧನ ಹಾಕುವ ರಂಧ್ರ) ಬಂದರೆ ಓರೆಯಾಗಿ ಕತ್ತರಿಸುತ್ತದೆ, ಸಾಲು ಉದ್ದವಾಗುತ್ತದೆ, ಮೂರನೆಯದು ಬೇಕಾಗುತ್ತದೆ. ನಾನು ಮಾಡುವುದು ಇಷ್ಟು. ರೆಕ್ಟಮ್ ಸುತ್ತ ಕೊಬ್ಬನ್ನು ಪೂರ್ತಿ ಬಿಡಿಸಿ ಗೋಡೆ ಬರಿದು ಮಾಡುವುದು. ಹೊರಗಿನಿಂದ ಸಹಾಯಕರು ಮುಷ್ಟಿಯಿಂದ ಪೆರಿನಿಯಮ್ (ಗುದದ್ವಾರದ ಮುಂದಿನ ಜಾಗ) ಒತ್ತಿ ಮೇಲಕ್ಕೆ ಎತ್ತುವುದು. ಹಾಗೂ ಆಗದಿದ್ದರೆ ಕೆಳಹೊಟ್ಟೆಯ ಸಣ್ಣ ಗಾಯದಿಂದ ಓಪನ್ ಸ್ಟೇಪ್ಲರ್ ಇಳಿಸುವುದು. ಗಾಯ ಹೇಗೂ ಬೇಕು, ರೆಕ್ಟಮ್ ಹೊರತೆಗೆಯಲು. ಅದನ್ನು ಬೇಗ ಮಾಡಿದರೆ ನಷ್ಟ ಏನು? ಲ್ಯಾಪರೊಸ್ಕೋಪಿಯಲ್ಲೇ ಮುಗಿಸಬೇಕು ಅನ್ನುವ ಹಟ ಆಳದ ಪೆಲ್ವಿಸ್‌ನಲ್ಲಿ ಬೇಡ.

ಈಚೆಗೆ ತುಂಬಾ ಕೆಳಗಿನ ಕೇಸುಗಳಲ್ಲಿ ನಾನು ಲೀನಿಯರ್ ಸ್ಟೇಪ್ಲರನ್ನೇ ಬಿಟ್ಟಿದ್ದೇನೆ. ಗುದದ್ವಾರದ ಕಡೆಯಿಂದ ಕಣ್ಣಾರೆ ನೋಡಿ ರೆಕ್ಟಮ್ ಕತ್ತರಿಸುತ್ತೇನೆ, ಮೇಲೂ ಕೆಳಗೂ ಪರ್ಸ್‌ಸ್ಟ್ರಿಂಗ್, ಒಂದೇ ವೃತ್ತ. ನಾಯಿಕಿವಿ ಇಲ್ಲ, ದಾಟುವ ಸಾಲು ಇಲ್ಲ. ನೀವು ಆ ದಿನ ಅನಿವಾರ್ಯವಾಗಿ ಮಾಡಿದ್ದು ಇದೇ ವಿಧಾನ.

ಹೊಸ ಕನ್ಸಲ್ಟೆಂಟ್:

ಎಲ್ಲರಿಗೂ ಧನ್ಯವಾದ. ಒಪ್ಪಿಕೊಳ್ಳುತ್ತೇನೆ, ನಾನು ಕಾಯಲಿಲ್ಲ. ಐದು ಗಂಟೆ ಆಗಿತ್ತು, ಎಲ್ಲರೂ ದಣಿದಿದ್ದೆವು. ಹಸಿರು ಕಂಡ ಕೂಡಲೇ ಒತ್ತಿದೆ. ತೆರೆಯುವಾಗ ಎಷ್ಟು ಸುತ್ತು ತಿರುಗಿಸಿದೆ ಅಂತಲೂ ಈಗ ಖಚಿತವಾಗಿ ಹೇಳಲಾರೆ. ಸ್ಟೇಪ್ಲರ್ ಎತ್ತಿಟ್ಟಿದ್ದೇವೆ, ವರದಿ ಕಳಿಸುತ್ತೇನೆ.

ಇನ್ನೊಂದು ಕೇಳಬೇಕು. ಎರಡನೇ ಜೋಡಣೆಯ ಮೇಲಿನ ಡೋನಟ್ ಪೂರ್ತಿ ಇತ್ತು. ಕೆಳಗಿನದು ಒಂದು ಕಡೆ ತುಂಬಾ ತೆಳುವಾಗಿತ್ತು, ಹರಿದಿರಲಿಲ್ಲ. ಗುಳ್ಳೆ ಬರಲಿಲ್ಲವಾದ್ದರಿಂದ ಮುಂದೆ ಹೋದೆವು. ಡೋನಟ್ ನಿಜವಾಗಿಯೂ ಹರಿದಿದ್ದರೆ ಅಥವಾ ಗುಳ್ಳೆ ಬಂದಿದ್ದರೆ?

ಕರುಳು ಸರ್ಜನ್:

ಡೋನಟ್ ಹರಿದಿದ್ದು ಗುಳ್ಳೆ ಬರದಿದ್ದರೆ, ಹರಿದ ಜಾಗ ಗಡಿಯಾರದ ಎಷ್ಟು ಗಂಟೆಯ ಕಡೆ ಅಂತ ಲೆಕ್ಕ ಹಾಕುತ್ತೇನೆ. ಸ್ಕೋಪ್ (ಕ್ಯಾಮೆರಾ ಇರುವ ಕೊಳವೆ) ಹಾಕಿ ಒಳಗಿನಿಂದ ಅದೇ ಜಾಗ ನೋಡುತ್ತೇನೆ. ಮುಟ್ಟುವ ಹಾಗಿದ್ದರೆ ಎರಡು ಮೂರು ಹೊಲಿಗೆ ಹಾಕಿ, ಇಲಿಯಾಸ್ಟಮಿ ಮಾಡುತ್ತೇನೆ. ಡೋನಟ್ ಪೂರ್ತಿ ಇದ್ದ ಮಾತ್ರಕ್ಕೆ ನೆಮ್ಮದಿ ಬೇಡ. ಪೂರ್ತಿ ಡೋನಟ್ ಇದ್ದೂ ಲೀಕ್ ಆದ ಕೇಸುಗಳನ್ನು ನಾನೇ ನೋಡಿದ್ದೇನೆ.

ಗುಳ್ಳೆ ಬಂದರೆ, ಸಣ್ಣದು, ಮುಂಭಾಗದಲ್ಲಿ, ಕಣ್ಣಿಗೆ ಕಾಣುವ ಹಾಗಿದ್ದರೆ ಹೊಲಿಗೆ ಹಾಕಿ ಮತ್ತೆ ಪರೀಕ್ಷೆ ಮಾಡಿ. ಗುಳ್ಳೆ ನಿಂತರೆ ಸಾಕು.

ಪೆಲ್ವಿಸ್ ಸರ್ಜನ್:

ಕೊನೆಯ ಸಾಲಿಗೆ ನಾನು ಒಪ್ಪುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡ ಕರುಳಿನ ಎಡಗಡೆಯ 998 ಜೋಡಣೆಗಳ ಲೆಕ್ಕ ಇದೆ. ಗಾಳಿ ಪರೀಕ್ಷೆ ಮಾಡಿದ 825ರಲ್ಲಿ 65ಕ್ಕೆ ಗುಳ್ಳೆ ಬಂದಿತ್ತು. ಬರೀ ಹೊಲಿಗೆ ಹಾಕಿ ಬಿಟ್ಟವರಲ್ಲಿ 12.2 ಶೇಕಡಾ ಮಂದಿಗೆ ಆಮೇಲೆ ಲೀಕ್ ಆಯಿತು. ಜೋಡಣೆ ಬಿಚ್ಚಿ ಮತ್ತೆ ಮಾಡಿದವರಲ್ಲಿ, ಸ್ಟೋಮಾ (ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಇಡುವುದು) ಕೊಟ್ಟವರಲ್ಲಿ ಒಬ್ಬರಿಗೂ ಆಗಲಿಲ್ಲ. ಒಂದೊಂದು ಗುಂಪಿನ ಸಂಖ್ಯೆ ಸಣ್ಣದು, ಗೊತ್ತು. ಆದರೂ ಬರೀ ಹೊಲಿಗೆಯ ಮೇಲೆ ನನಗೆ ಭರವಸೆ ಇಲ್ಲ. ಅದೇ ಲೆಕ್ಕದಲ್ಲಿ ಪರೀಕ್ಷೆಯನ್ನೇ ಮಾಡದವರಲ್ಲಿ ಲೀಕ್ 8.1 ಶೇಕಡಾ, ಪರೀಕ್ಷೆ ಮಾಡಿ ಗುಳ್ಳೆ ಬರದವರಲ್ಲಿ 3.8. ಹಾಗಾಗಿ ಪರೀಕ್ಷೆ ಬಿಡಬೇಡಿ.

ಕರುಳು ಸರ್ಜನ್:

ತಪ್ಪು ಯಾಕೆ ತಿಳಿಯಲಿ. ನಾನು ಬರೆದದ್ದು ಸ್ವಲ್ಪ ಮೇಲಿನ, ರೇಡಿಯೇಷನ್ ಆಗದ ಜೋಡಣೆಯ ಬಗ್ಗೆ. ಅದನ್ನು ಸ್ಪಷ್ಟವಾಗಿ ಹೇಳಬೇಕಿತ್ತು. ಕೆಳಗಿನ ಜೋಡಣೆಗೆ, ರೇಡಿಯೇಷನ್ ಆದವರಿಗೆ ಗುಳ್ಳೆ ಬಂದರೆ ಹೊಲಿಗೆ ಜೊತೆಗೆ ಸ್ಟೋಮಾ ಬೇಕೇ ಬೇಕು, ಇಲ್ಲ ಬಿಚ್ಚಿ ಹೊಸದಾಗಿ ಮಾಡಬೇಕು. ಅದರಲ್ಲಿ ನಮಗೆ ಭೇದ ಇಲ್ಲ. ಸ್ವೀಡನ್ನಿನ 2007ರ ಟ್ರಯಲ್ ನೆನಪಿರಲಿ. 234 ರೋಗಿಗಳು, ಕೆಳಗಿನ ರೆಕ್ಟಮ್ ಜೋಡಣೆ. ಲಕ್ಷಣ ಕಾಣಿಸಿದ ಲೀಕ್, ಸ್ಟೋಮಾ ಇದ್ದವರಲ್ಲಿ 10.3 ಶೇಕಡಾ, ಇಲ್ಲದವರಲ್ಲಿ 28. ಸ್ಟೋಮಾ ಇದ್ದರೂ ಲೀಕ್ ಆಗುತ್ತದೆ, ಆದರೆ ಆದಾಗ ಹೊಡೆತ ಕಡಿಮೆ.

ಹಾಗೇ, ಬಿಚ್ಚಿದ ಮೇಲೆ ಸ್ಟಂಪ್ ಉಳಿದೇ ಇಲ್ಲ ಅಂದರೆ ಕೋಲನ್ (ದೊಡ್ಡ ಕರುಳು) ತುದಿಯನ್ನು ಗುದದ್ವಾರಕ್ಕೆ ಕೈಯಲ್ಲೇ ಹೊಲಿಯಬೇಕು. ಆ ಕೈಹೊಲಿಗೆ ಬಾರದವರು ಈ ಸರ್ಜರಿಗೆ ಒಬ್ಬರೇ ಇಳಿಯಬಾರದು ಎಂದು ನನ್ನ ಅಭಿಪ್ರಾಯ. ರೋಗಿ ತುಂಬಾ ಬಳಲಿದ್ದರೆ, ರಕ್ತ ಜಾಸ್ತಿ ಹೋಗಿದ್ದರೆ ಜೋಡಿಸಲೇಬೇಕು ಅಂತಿಲ್ಲ. ಸ್ಟಂಪ್ ಮುಚ್ಚಿ ಕೋಲಾಸ್ಟಮಿ (ದೊಡ್ಡ ಕರುಳಿನ ಸ್ಟೋಮಾ) ಮಾಡಿ ಹೊರಬರುವುದೂ ಸರಿಯಾದ ಸರ್ಜರಿಯೇ.

ಅನಸ್ತೇಷಿಯಾ ಕಡೆಯಿಂದ:

ಒಂದೆರಡು ಮಾತು. ಆ್ಯನ್ವಿಲ್ ಒಳಗೆ ಹೋಗದಷ್ಟು ಕೋಲನ್ ಬಿಗಿದುಕೊಂಡಿದ್ದರೆ ನಮಗೆ ಹೇಳಿ. ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ಕರುಳು ಸಡಿಲವಾಗುತ್ತದೆ. ಗ್ಲೂಕೋಮಾ, ಹೃದಯದ ಬಡಿತ ಜಾಸ್ತಿ ಇರುವವರಲ್ಲಿ ಎಚ್ಚರ ಬೇಕು. ಸ್ಟೇಪ್ಲರ್ ಒಳಗೆ ತರುವಾಗ ಮಾಂಸಖಂಡ ಪೂರ್ತಿ ಸಡಿಲ ಇರಬೇಕು, ಅದನ್ನೂ ಮೊದಲೇ ಹೇಳಿ. ಇನ್ನು ಮುಖ್ಯವಾದದ್ದು: ತೊಂದರೆ ಆದಾಗ ಪರದೆಯ ಆ ಕಡೆ ಎಲ್ಲರೂ ಮೌನ ಆಗಿಬಿಡುತ್ತೀರಿ. ನಮಗೆ ಏನೂ ಗೊತ್ತಾಗುವುದಿಲ್ಲ. ಸ್ಟೇಪ್ಲರ್ ಸಿಕ್ಕಿದೆ, ಇನ್ನು ಎರಡು ಗಂಟೆ ಬೇಕು ಎಂದು ಒಂದು ಮಾತು ಹೇಳಿದರೆ ನಾವು ರಕ್ತ, ಬೆಚ್ಚಗಿನ ದ್ರವ, ಬಿಪಿ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳುತ್ತೇವೆ. ಬಿಪಿ ಬಿದ್ದರೆ ಹೊಸ ಜೋಡಣೆಗೆ ರಕ್ತ ಕಡಿಮೆ ಆಗುತ್ತದೆ ಅಲ್ವಾ.

ಪಿಜಿ ಎರಡನೇ ವರ್ಷ:

ಆ್ಯನ್ವಿಲ್ ಹೋಗದಿದ್ದರೆ ಸಣ್ಣ ಸ್ಟೇಪ್ಲರ್ ತೆಗೆದುಕೊಳ್ಳಬಹುದಾ?

ಪೆಲ್ವಿಸ್ ಸರ್ಜನ್:

ಬಹುದು. 25 ಕೂಡ ನಡೆಯುತ್ತದೆ, ಆಮೇಲೆ ಜೋಡಣೆ ಕಿರಿದಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬಲವಂತವಾಗಿ 29 ತುರುಕಿ ಕರುಳಿನ ಹೊರಪದರ ಬಿರಿಯುವುದಕ್ಕಿಂತ 25 ವಾಸಿ. ಇನ್ನೊಂದು ದಾರಿ, ಕೋಲನ್ನಿನ ತುದಿಗೆ ಅಲ್ಲ, ಪಕ್ಕಕ್ಕೆ ಆ್ಯನ್ವಿಲ್ ಹಾಕುವುದು. ಪಕ್ಕದಿಂದ ತುದಿಗೆ ಜೋಡಣೆ. ಪರ್ಸ್‌ಸ್ಟ್ರಿಂಗ್ ದಾರ ಕಿತ್ತುಹೋದಾಗಲೂ ಸುತ್ತ ಇನ್ನೊಂದು ದಾರ ಕಟ್ಟಿ ಉಳಿಸಿಕೊಳ್ಳಬಹುದು. ಇವೆಲ್ಲ ಸುಲಭದ ತೊಂದರೆಗಳು, ಯಾಕಂದರೆ ಇನ್ನೂ ಫೈರ್ ಆಗಿಲ್ಲ.

ಓಟಿ ಸಿಸ್ಟರ್:

ಜೋಡಣೆಯ ಜಾಗದಿಂದ ರಕ್ತ ಬರುತ್ತಾ ಇದ್ದರೆ? ನಮ್ಮಲ್ಲಿ ಕಳೆದ ತಿಂಗಳು ಒಬ್ಬರಿಗೆ ವಾರ್ಡಿನಲ್ಲಿ ರಾತ್ರಿ ಹೀಗಾಯಿತು.

ಕರುಳು ಸರ್ಜನ್:

ಹೆಚ್ಚಿನವು ತಾನೇ ನಿಲ್ಲುತ್ತವೆ. ನಿಲ್ಲದಿದ್ದರೆ ಸ್ಕೋಪ್ ಹಾಕಿ ಕ್ಲಿಪ್. ಕಡಿಮೆ ಗಾಳಿ, ಮೆತ್ತಗಿನ ಕೈ. ಟೇಬಲ್ಲಿನ ಮೇಲೇ ಒಮ್ಮೆ ಸ್ಕೋಪ್‌ನಲ್ಲಿ ನೋಡಿಬಿಟ್ಟರೆ ರಾತ್ರಿಯ ಈ ಓಡಾಟ ಎಷ್ಟೋ ಸಲ ತಪ್ಪುತ್ತದೆ.

ರೋಗಿಯ ಮಗಳು:

ನಾನು ಡಾಕ್ಟರ್ ಅಲ್ಲ. ಅಪ್ಪನಿಗೆ ಎರಡು ವರ್ಷದ ಹಿಂದೆ ಇದೇ ಸರ್ಜರಿ ಆಯಿತು. ಒಳಗೆ ಹೋಗುವಾಗ ಚೀಲದ ಮಾತೇ ಇರಲಿಲ್ಲ. ಹೊರಗೆ ಬಂದಾಗ ಹೊಟ್ಟೆಯ ಮೇಲೆ ಚೀಲ. 'ಮೆಷಿನ್ ಸ್ವಲ್ಪ ತೊಂದರೆ ಕೊಟ್ಟಿತು' ಎಂದಷ್ಟೇ ಹೇಳಿದರು. ಚೀಲ ಪ್ಯಾಂಟಿನ ಬೆಲ್ಟ್ ಬರುವ ಜಾಗದಲ್ಲೇ ಇತ್ತು, ದಿನಾ ಸೋರುತ್ತಿತ್ತು, ಚರ್ಮ ಸುಲಿದುಹೋಗಿತ್ತು. ಅಪ್ಪ ನಾಲ್ಕು ತಿಂಗಳು ಮನೆಯಿಂದ ಹೊರಗೆ ಹೋಗಲಿಲ್ಲ. ಕ್ಯಾನ್ಸರ್ ಪೂರ್ತಿ ಹೋಗಿಲ್ಲ, ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದೇ ಅವರು ನಂಬಿದ್ದರು. ಇಲ್ಲಿ ಓದಿದ ಮೇಲೆ ಆ ದಿನ ಒಳಗೆ ಏನಾಗಿರಬಹುದು ಎಂದು ನನಗೆ ಈಗ ಸ್ವಲ್ಪ ಅರ್ಥವಾಗುತ್ತಿದೆ. ಆಗಲೇ ಯಾರಾದರೂ ಕೂತು ಹೀಗೆ ಹೇಳಿದ್ದರೆ ಸಾಕಿತ್ತು.

ಪೆಲ್ವಿಸ್ ಸರ್ಜನ್:

ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ತಂದೆಗೆ ಹಾಗಾಗಬಾರದಿತ್ತು. ಸರ್ಜರಿಯ ಹಿಂದಿನ ದಿನ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಬೆಲ್ಟ್ ಎಲ್ಲಿ ಬರುತ್ತದೆ, ಚರ್ಮ ಎಲ್ಲಿ ಮಡಚುತ್ತದೆ ಎಂದು ನೋಡಿ ಸ್ಟೋಮಾ ಜಾಗಕ್ಕೆ ಗುರುತು ಹಾಕಬೇಕು. ಸ್ಟೋಮಾ ಯೋಚನೆ ಇಲ್ಲದಿದ್ದರೂ ಹಾಕಬೇಕು. ಸ್ಟೇಪ್ಲರ್ ಕೈಕೊಟ್ಟ ಮೇಲೆ, ಮಲಗಿರುವ ರೋಗಿಯ ಊದಿದ ಹೊಟ್ಟೆಯ ಮೇಲೆ ಸರಿಯಾದ ಜಾಗ ಸಿಗುವುದಿಲ್ಲ. ರೆಕ್ಟಮ್ ಸರ್ಜರಿಗೆ ಬರುವ ಪ್ರತಿಯೊಬ್ಬರಿಗೂ ನಾನು ಹೇಳುತ್ತೇನೆ: ಜೋಡಣೆ ನನಗೆ ತೃಪ್ತಿ ಆಗದಿದ್ದರೆ ಚೀಲ ಬರುತ್ತದೆ, ಅದು ಕ್ಯಾನ್ಸರ್ ಉಳಿದಿದೆ ಅನ್ನುವುದರ ಗುರುತಲ್ಲ.

ಹೊಸ ಕನ್ಸಲ್ಟೆಂಟ್:

ರೋಗಿಯ ಮಗಳಿಗೆ ಧನ್ಯವಾದ. ನಿಮ್ಮ ಮಾತು ಓದಿದ ಮೇಲೆ ನನ್ನ ರೋಗಿಗೆ ಫೋನ್ ಮಾಡಿ ಬರಹೇಳಿದೆ. ಅವರಿಗೂ ನಾನು ಆಗ ಹೇಳಿದ್ದು 'ಸ್ವಲ್ಪ ತೊಂದರೆ ಆಯಿತು' ಎಂದಷ್ಟೇ. ಈ ಸಲ ಕಾಗದದ ಮೇಲೆ ಚಿತ್ರ ಬರೆದು, ಎಲ್ಲಿ ಸಿಕ್ಕಿತು, ನಾನು ಎಲ್ಲಿ ಅವಸರ ಮಾಡಿದೆ, ಯಾಕೆ ಚೀಲ ಬಂತು, ಎಲ್ಲ ಹೇಳಿದೆ. ಅವರ ಹೆಂಡತಿ ತುಂಬಾ ಪ್ರಶ್ನೆ ಕೇಳಿದರು. ಒಂದು ಗಂಟೆ ಕೂತಿದ್ದರು.

ಹೊಸ ಕನ್ಸಲ್ಟೆಂಟ್ (ಎರಡು ತಿಂಗಳ ನಂತರ):

ಕೇಳಿದವರಿಗೆ ಸುದ್ದಿ. ಬೆರಳಿನಿಂದ ಪರೀಕ್ಷೆ ಮಾಡಿದಾಗ ಜೋಡಣೆ ಪೂರ್ತಿ ಉಂಗುರದ ಹಾಗೆ ಸಿಗುತ್ತದೆ, ಸ್ವಲ್ಪ ಬಿಗಿ ಇದೆ, ಬೆರಳು ಸಲೀಸಾಗಿ ದಾಟುತ್ತದೆ. ಸ್ಕೋಪ್‌ನಲ್ಲಿ ಎಲ್ಲೂ ಸಂದು ಕಾಣಲಿಲ್ಲ. ಕಾಂಟ್ರಾಸ್ಟ್ ಹಾಕಿ ತೆಗೆದ ಎಕ್ಸ್‌ರೇಯಲ್ಲಿ ಸೋರಿಕೆ ಇಲ್ಲ. ಮುಂದಿನ ವಾರ ಇಲಿಯಾಸ್ಟಮಿ ಮುಚ್ಚುತ್ತೇವೆ. ಚೀಲ ಹೋದ ಮೇಲೂ ಮೊದಲ ತಿಂಗಳುಗಳಲ್ಲಿ ಪದೇ ಪದೇ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ಅವರಿಗೆ ಹೇಳಿದ್ದೇನೆ.

ನಮ್ಮ ಓಟಿಯಲ್ಲಿ ಸಿಸ್ಟರ್ ಹೇಳಿದ ಕ್ರಮ ಶುರು ಮಾಡಿದ್ದೇವೆ. ಮುಚ್ಚಿದ ಮೇಲೆ ಒಂದು ನಿಮಿಷ ಗಡಿಯಾರ ನೋಡುವ ಕೆಲಸ ಪಿಜಿಯದ್ದು. ಕಳೆದ ಕೇಸಲ್ಲಿ ಗೆರೆ ಮತ್ತೆ ಅಂಚಿಗೇ ನಿಂತಿತ್ತು. ಕಾದೆವು. ಬರಲಿಲ್ಲ. ತೆರೆದು ನೋಡಿದರೆ ಪರ್ಸ್‌ಸ್ಟ್ರಿಂಗಿನ ಪಕ್ಕದಲ್ಲಿ ಕೊಬ್ಬಿನ ಒಂದು ತುಂಡು ಮಡಚಿ ಕೂತಿತ್ತು. ತೆಗೆದು ಮತ್ತೆ ಮುಚ್ಚಿದೆವು. ಗೆರೆ ಹಸಿರಿನ ನಡುವೆ ಬಂತು.